ಕ್ಯಾಮೆರಾ ಕೊರಳಿನ ಹಾರ

ವಸೆಮದಾಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ನಮ್ಮ ದ್ವೀಪದ ರಾಕಿರಾಕಿ ಸಂತೆಯಲ್ಲಿ ಮರಗೆಣಸು ಮಾರುವಾಗಲೂ ಈ ಗುಡ್ಡೆಯದನ್ನು ಆ ಗುಡ್ಡೆಗೆ ದಾಟಿಸುತ್ತಲೇ ಇರುತ್ತಾಳೆ. ತನ್ನ ಮುಂದಿರುವ ಗುಡ್ಡೆಯೇ ದೊಡ್ಡದೆಂದು ಪ್ರತಿ ಗಿರಾಕಿಯೂ ನಂಬಿ ಹೋಗುತ್ತಾನೆ. ಇಂಥವಳು ಶನಿವಾರವಾದರೆ ಕ್ಯಾಮೆರಾ ಅಲುಗದಂತೆ ನೋಡಿಕೊಳ್ಳುವವಳಾದದ್ದು ಊರಿಗೇ ತಮಾಷೆ.

ಕ್ಯಾಮೆರಾ ಬಂದದ್ದೂ ವ್ಯಾಪಾರದಲ್ಲೇ. ಪ್ರವಾಸಿಯೊಬ್ಬ ಭಾರವೆಂದು ಮಾರಲು ಬಂದ. ಬ್ಯಾಟರಿಯ ಮುಚ್ಚಳವೇ ಇಲ್ಲವೆಂದು ಮೂಗು ಮುರಿದು ಅಗ್ಗಕ್ಕೆ ಕೊಂಡಳು. ಮುಚ್ಚಳ ಅವಳ ಕಾಲಡಿಯಲ್ಲೇ ಬಿದ್ದಿತ್ತು.

ಹೊರದೇಶಗಳಲ್ಲಿ ಹಣ್ಣು ಕೀಳುವ, ಪಹರೆ ಕಾಯುವ ಊರ ಗಂಡಸರಿಗೆ ರಗ್ಬಿ ಪಂದ್ಯವನ್ನು ನೇರವಾಗಿ ತೋರಿಸುವ ಕೆಲಸ ಹೀಗೆ ಅವಳ ಹೆಗಲೇರಿತು. ಚಿತ್ರ ನಿಂತರೆ ಅವರೆಲ್ಲ ಒಟ್ಟಿಗೆ ಬೈಯುತ್ತಿದ್ದರು. ಅವಳು ಸೊಪ್ಪು ಹಾಕುತ್ತಿರಲಿಲ್ಲ.

ಆ ಶನಿವಾರ ಮಾತ್ರ ಚಿತ್ರ ನಿಲ್ಲುವಂತಿರಲಿಲ್ಲ. ತಮ್ಮ ಸೆವುಲೋನಿ ಆಸ್ಟ್ರೇಲಿಯಾದ ಕಸಾಯಿಖಾನೆಯೊಂದರಲ್ಲಿದ್ದ. ಅವನ ಮಗಳು ರೈಜಿಯೆಲಿ ಮೊದಲ ಸಲ ಊರ ಹೆಣ್ಣುಮಕ್ಕಳ ತಂಡದಲ್ಲಿ ಆಡುವವಳಿದ್ದಳು. ಏಳೇಳು ಜನರ ಆಟ, ಗೆಣಸು ಬೇಯುವಷ್ಟರಲ್ಲಿ ಮುಗಿಯುತ್ತದೆ. ತಮ್ಮನ ಊಟದ ಬಿಡುವೂ ಅಷ್ಟೇ.

“ಅಕ್ಕಾ, ಹೋದ್ಸಲದ ಥರ ಮೋಡ ತೋರಿಸ್ಬೇಡ.” ಹಿಂದಿನ ರಾತ್ರಿಯೇ ಅವನು ಫೋನಿನಲ್ಲಿ ಎಚ್ಚರಿಸಿದ್ದ.

“ಹೋದ್ಸಲ ಚೆಂಡು ಮೇಲೆ ಹೋಗಿತ್ತು ಕಣೋ.”

“ಅರ್ಧ ಆಟ ಮೇಲೇ ಇತ್ತಾ?”

ಬೆಳಿಗ್ಗೆಯೇ ಅವಳು ಮೈದಾನದ ಪಕ್ಕ ನಿಂತಿದ್ದ ಲಾರಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಅದರ ಕೊರಳಿಗೆ ಮೈಕು ಬಿಗಿದು, ಗಾಳಿಯ ಸದ್ದು ನುಗ್ಗದಂತೆ ಮೈಕಿಗೆ ಹಳೆಯ ಕಾಲುಚೀಲ ತೊಡಿಸಿದಳು. ಪರೀಕ್ಷಿಸಿದಾಗ ಎಲ್ಲ ಸರಿಯಿತ್ತು. ಆಟ ಶುರುವಾಗುವ ಹೊತ್ತಿಗೆ, ಇಂಟರ್ನೆಟ್ ಕೊಡುವ ಫೋನನ್ನು ಮೈದಾನದ ಆಚೆ ಬದಿಯ ಮಾವಿನ ಕೊಂಬೆಗೆ ಕಟ್ಟಲು ಹೋದಳು. ಇಂಟರ್ನೆಟ್ಟಿಗೆ ಸಾಲುವಷ್ಟು ಸಿಗ್ನಲ್ ಸಿಗುವುದು ಅಲ್ಲೇ.

ಸೀಟಿ ಊದಿದ್ದೇ ಅವಳ ಸೊಂಟದಲ್ಲಿದ್ದ ಇನ್ನೊಂದು ಫೋನಿಗೆ ತಮ್ಮನ ಕರೆ ಬಂತು. “ಅಕ್ಕಾ, ಅಲ್ಲಿ ಮಂಜು ಬಿದ್ದಿದೆಯಾ? ಎಲ್ಲಾ ಬೆಳ್ಳಗಿದೆ. ಯಾರೋ ಕಿವಿ ಪಕ್ಕದಲ್ಲೇ ಹಪ್ಪಳ ಮುರೀತಿದಾರೆ.”

ತಪ್ಪೆಲ್ಲ ಸಿಗ್ನಲ್ಲಿನದೇ ಎಂದು ನಂಬಿದವಳು ಅವಳು. ಕೊಂಬೆಯ ಫೋನನ್ನು ಆರಿಸಿ ಹಚ್ಚಿದಳು, ಇನ್ನೂ ಎತ್ತರಕ್ಕೆ ಕಟ್ಟಿದಳು.

“ಈಗ?”

“ಈಗ ಮಂಜು ಇನ್ನೂ ಸ್ಪಷ್ಟವಾಗಿದೆ.”

ಅರ್ಧ ಆಟ ಮುಗಿದಿತ್ತು. ಸೊಂಟಕ್ಕೆ ಸುತ್ತಿ ಉಟ್ಟ ಸುಲು ಬಟ್ಟೆಯನ್ನು ಎತ್ತಿಕಟ್ಟಿ ಮೈದಾನದ ಸುತ್ತ ಓಡಿದಳು. “ನಿನ್ನನ್ನೂ ತಂಡಕ್ಕೆ ಹಾಕ್ಕೊಂಡ್ರಾ?” ಎಂದು ಯಾರೋ ಕೂಗಿದರು.

ಲಾರಿಯ ಮೇಲೆ ತರೈವಿನಿ ಅತ್ತೆ ಪೌಡರ್ ಡಬ್ಬಿ ಹಿಡಿದು ನಿಂತಿದ್ದಳು. ಕ್ಯಾಮೆರಾದ ಕೊರಳಲ್ಲಿ ಎಲೆ, ಹೂವು, ನಾರು ಹೆಣೆದ ದಪ್ಪ ಹಾರ. ಅದರಡಿಯಲ್ಲಿ ಮೈಕು ಹೂತುಹೋಗಿತ್ತು.

“ಏನೇ, ಅತಿಥೀನ ಬರಿಗೊರಳಲ್ಲಿ ನಿಲ್ಸಿದೀಯಲ್ಲ! ನಮ್ಮ ಹುಡುಗ್ರೆಲ್ಲ ಇದರೊಳಗೇ ಕೂತು ನೋಡೋದಲ್ವಾ?”

ಖುಷಿ ಕೊಟ್ಟವರ ಕೆನ್ನೆಗೆ ಪೌಡರ್ ಬಳಿಯುವುದು ನಮ್ಮಲ್ಲಿ ಇದ್ದದ್ದೇ. ಕ್ಯಾಮೆರಾಕ್ಕೆ ಕೆನ್ನೆಯಿಲ್ಲದ್ದರಿಂದ ಅತ್ತೆ ಕಣ್ಣಿಗೇ ಬಳಿದಿದ್ದಳು.

ಹಾರ ತೆಗೆಯುವಂತಿಲ್ಲ, ಹಾಕಿದವರ ಎದುರೇ ಕಿತ್ತರೆ ಕೆನ್ನೆಗೆ ಹೊಡೆದಂತೆ. ಮೇಲಾಗಿ, ವಸೆಮದಾ ಸಂತೆಯಲ್ಲಿ ಮಾರುವ ಕೊಬ್ಬರಿ ಎಣ್ಣೆ ಬರುವುದು ಈ ಅತ್ತೆಯಿಂದಲೇ. ಸುಲುವಿನ ಅಂಚಿನಿಂದ ಲೆನ್ಸ್ ಒರೆಸಿದಳು. ಹಾರದೊಳಗೆ ಕೈ ತೂರಿಸಿ ಮೈಕು ಬಿಚ್ಚಿ ಅತ್ತೆಯ ಕೈಗಿಟ್ಟಳು.

“ಹುಡುಗರಿಗೆ ನಿಮ್ಮ ದನಿ ಕೇಳ್ಬೇಕಂತೆ, ಅತ್ತೆ. ಆಟ ಹೇಳಿ.”

ಅತ್ತೆಯನ್ನು ಎರಡನೇ ಸಲ ಕೇಳಬೇಕಾಗಲಿಲ್ಲ. “ಸೆವುಲೋನಿ! ಅಗೋ ನಿನ್ ಮಗಳು, ಕೆಂಪು ರಿಬ್ಬನ್ನು! ಓಡಿದ್ಲು... ಬಿದ್ಲು! ಎದ್ಲು! ಅಯ್ಯೋ, ನಿನ್ ಹಾಗೇ ಚೆಂಡು ಕೈಬಿಟ್ಲು!”

ವಸೆಮದಾ ಕೆಂಪು ರಿಬ್ಬನ್ನಿನ ಹಿಂದೆ ಕ್ಯಾಮೆರಾ ತಿರುಗಿಸಿದಳು. ಅದು ಗುಂಪಿನಡಿ ಮುಳುಗಿತು, ಮತ್ತೆ ಮೇಲೆದ್ದಿತು. ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೊತ್ತಿಕೊಂಡಳು.

“ಏಯ್, ಈಗ್ಲೂ ಬೆಳ್ಳಗಿದೆಯಾ?”

“ಸುಮ್ನಿರಕ್ಕಾ, ನೋಡ್ತಿದೀನಿ.”

ಕೊನೆಯ ಸೀಟಿಗೆ ತಂಡ ಸೋತಿತ್ತು. ಫೋನಿನಲ್ಲಿ ಕಸಾಯಿಖಾನೆಯ ಗಂಟೆ ಬಡಿಯಿತು.

“ಹೋಗ್ಬೇಕು. ಅತ್ತೆಗೆ ಹೇಳು, ನಾನ್ಯಾವತ್ತೂ ಚೆಂಡು ಕೈಬಿಟ್ಟೋನಲ್ಲ, ಅವ್ರು ಕಿತ್ಕೊಂಡ್ರು. ಎಷ್ಟುದ್ದ ಬೆಳೆದಿದಾಳೆ ಅಕ್ಕಾ...” ಮೂಗೆಳೆದುಕೊಂಡ ಸದ್ದು ಕೇಳಿತು. ಮೈಕು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಅವನ ಕಡೆಯದೂ.

ಅಷ್ಟರಲ್ಲಿ ಅತ್ತೆ ಖುಷಿಯಾಗಿ ಮತ್ತೆ ಪೌಡರ್ ಡಬ್ಬಿ ತೆರೆದಿದ್ದಳು. ವಸೆಮದಾ ಲೆನ್ಸಿಗೆ ಅಡ್ಡ ನಿಂತು ತನ್ನ ಕೆನ್ನೆಯನ್ನೇ ಒಡ್ಡಿದಳು.