ತಿಥಿಯಲ್ಲಿ ಪಿಂಡ ಪಡೆದ ಗೇಮಿನ ರಾಣಿ

ಕಳೆದ ವಾರ ಸಂಸೆಯಲ್ಲಿ ನನ್ನ ಅಕ್ಕನ ವರ್ಷದ ತಿಥಿ. ಅಲ್ಲಿ ಇಟ್ಟ ಮೂರು ಪಿಂಡಗಳಲ್ಲಿ ಒಂದು ವಿಡಿಯೋ ಗೇಮಿನ ರಾಣಿಯೊಬ್ಬಳ ಪಾಲಾಯಿತು.

ತಮಾಷೆಯಲ್ಲ. ಎಳ್ಳು, ನೀರು, ದರ್ಭೆ ಎಲ್ಲ ಶಾಸ್ತ್ರೋಕ್ತವಾಗಿಯೇ ಇತ್ತು. ತೆಗೆದುಕೊಂಡವಳು ಮಾತ್ರ ಇನ್ನೂ ಬಿಡುಗಡೆಯೇ ಆಗದ ಗೇಮಿನವಳು.

ಮೊದಲಿನಿಂದ ಹೇಳುತ್ತೇನೆ. ಅಕ್ಕನ ಒಬ್ಬನೇ ಮಗ ಶ್ರೀವತ್ಸ, ನಮಗೆಲ್ಲ ವತ್ಸ. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜದ ಗುಣಮಟ್ಟ ನೋಡುವ ಕೆಲಸ. ಕಿವಿಯ ಪಕ್ಕ ಕೂದಲು ಬೆಳ್ಳಗಾಗುತ್ತಿದೆ. ಇಂಥವನು ಹೈಸ್ಕೂಲಿನಿಂದಲೂ ಒಂದೇ ಗೇಮಿಗೆ ಅಂಟಿಕೊಂಡಿದ್ದಾನೆ. ಖಡ್ಗ, ಕಿರೀಟ, ಡ್ರ್ಯಾಗನ್, ಶಾಪ. ಭಾಗ ಒಂದು, ಭಾಗ ಎರಡು ಅಂತ ಅದು ಮೆಗಾ ಸೀರಿಯಲ್ಲಿಗಿಂತ ಉದ್ದ ಬೆಳೆದಿದೆ. ಈಗ ಅದರ ಪ್ರೀಕ್ವೆಲ್ ಬರುತ್ತಿದೆಯಂತೆ. ಅಂದರೆ ಮೊದಲ ಭಾಗಕ್ಕೂ ಮೊದಲಿನ ಕಥೆ. ಯಾವಾಗ? ಗೊತ್ತಿಲ್ಲ. ಒಂದು ಚೂರು ಟೀಸರ್ ಬಿಟ್ಟಿದ್ದಾರೆ, ಅಷ್ಟೇ. ಅಷ್ಟಕ್ಕೇ ಲೋಕದ ತುಂಬ ದೊಡ್ಡದೊಡ್ಡ ಗಂಡಸರು ನಿದ್ದೆ ಬಿಟ್ಟಿದ್ದಾರೆ.

ತಿಥಿಯ ದಿನ ಬೆಳಿಗ್ಗೆ ಮೂಡಿಗೆರೆಯಲ್ಲಿ ನನ್ನನ್ನು ಕಾರಿಗೆ ಹತ್ತಿಸಿಕೊಂಡ. ಕೊಟ್ಟಿಗೆಹಾರ ಬರುವ ಮೊದಲೇ ಪಾರಾಯಣ ಶುರು.

"ಟೀಸರ್‌ನಲ್ಲಿ ಒಂದು ಮುದುಕಿ ಕೈ ಕಾಣ್ಸತ್ತೆ ಚಿಕ್ಕಮ್ಮ. ಬರೀ ಕೈ. ಬೆರಳಲ್ಲಿ ಉಂಗುರ. ಅದು ಅಮರೇಲಾನೇ!"

"ಅದ್ಯಾರು?"

ಕೇಳಬಾರದಿತ್ತು. ಅಮರೇಲಾ ಎಂದರೆ ಈಗಿನ ರಾಣಿಯ ಅಜ್ಜನ ತಾಯಿ. ವಂಶದ ಮೂಲ. ಅವಳಿಂದಲೇ ಶಾಪ ಹುಟ್ಟಿದ್ದು. ಅವಳ ಗಂಡ ಯಾರು, ಮಗ ಯಾರು, ಸೊಸೆ ಯಾವ ಕೋಟೆಯವಳು, ಯಾರು ಯಾರಿಗೆ ವಿಷ ಹಾಕಿದರು, ಎಲ್ಲವನ್ನೂ ಬಾಳೂರು ಘಾಟಿಯ ಒಂದೊಂದು ತಿರುವಿಗೂ ಒಂದೊಂದು ತಲೆಮಾರಿನಂತೆ ಒಪ್ಪಿಸಿದ. ನನಗೆ ತಲೆ ಸುತ್ತಿದ್ದು ತಿರುವಿನಿಂದಲೋ ವಂಶದಿಂದಲೋ ಹೇಳಲಾರೆ.

"ಕೊನೆಗೆ ಅವ್ಳು ಏನಾಗ್ತಾಳೆ?"

"ಸಾಯ್ತಾಳೆ. ಮೂರನೇ ಭಾಗದಲ್ಲೇ ಅವ್ಳ ಸಮಾಧಿ ತೋರ್ಸಿದಾರಲ್ಲ."

ನೋಡಿ, ಇದು ಪ್ರೀಕ್ವೆಲ್. ಸತ್ತವಳು ಸತ್ತಿದ್ದಾಳೆ ಎಂದು ಗೊತ್ತಿದ್ದೂ ಅವಳು ಹೇಗೆ ಬದುಕಿದ್ದಳು ಎಂದು ತಿಳಿಯಲು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕೂರುವುದು. ಒಂದು ಕೈ ತೋರಿಸಿದರೆ ಸಾಕು, ಇವರು ಜಾತಕವನ್ನೇ ಬರೆಯುತ್ತಾರೆ. ಉಂಗುರದ ಕಲ್ಲು ಹಸಿರೋ ನೀಲಿಯೋ ಎಂದು ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಜಗಳವಾಗಿ ಇಬ್ಬರು ಮಾತು ಬಿಟ್ಟಿದ್ದಾರಂತೆ. (ಅವರು ಒಬ್ಬರನ್ನೊಬ್ಬರು ಇದುವರೆಗೆ ನೋಡಿಯೂ ಇಲ್ಲ.)

ನನಗೆ ನಿಜಕ್ಕೂ ಸಿಟ್ಟು ಬಂತು. "ಅಮ್ಮನ ತಿಥಿಗೆ ಹೋಗ್ತಿದೀಯ ಮಾರಾಯ, ಸ್ವಲ್ಪ ಸುಮ್ನಿರ್ತೀಯಾ?" ಎಂದೆ.

ಗೇರ್ ಬದಲಿಸಿದ. ಆಮೇಲೆ ಮೆಲ್ಲಗೆ, "ಅಮ್ಮ ಆಗಿದ್ರೆ ಪೂರ್ತಿ ಕೇಳ್ತಿದ್ಲು" ಎಂದ.

ಹೌದು, ಕೇಳುತ್ತಿದ್ದಳು. ಅಕ್ಕ ಎಲ್ಲರದ್ದನ್ನೂ ಕೇಳುತ್ತಿದ್ದಳು. ಕಳಸ ಬರುವವರೆಗೆ ನಾನು ಕಿಟಕಿಯ ಹೊರಗೆ ನೋಡಿದೆ.

ಸಂಸೆಯ ಭಾವನ ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಒಂದು ಬದಲಾವಣೆ ಮಾತ್ರ ಇತ್ತು. ತಲೆಮಾರಿನಿಂದ ಈ ಮನೆಗೆ ಬರುತ್ತಿದ್ದ ಹಳೆ ಭಟ್ಟರು ಮಂಡಿನೋವಿನಿಂದ ಉಡುಪಿಯ ಮಗಳ ಮನೆ ಸೇರಿದ್ದಾರೆ. ಅವರ ಬದಲು ಹೊಸ ಭಟ್ಟರು, ಚಿಕ್ಕ ವಯಸ್ಸಿನವರು, ಸ್ಕೂಟರ್‌ನಲ್ಲಿ ಬಂದರು. ಹಳೆ ಭಟ್ಟರಿಗೆ ಮನೆಮನೆಯ ಗೋತ್ರ, ಹೆಸರು ಎಲ್ಲ ಬಾಯಿಪಾಠ. ಅವರು ಹೇಳುವುದು, ಕರ್ತೃ ಗಿಣಿಯಂತೆ ಒಪ್ಪಿಸುವುದು. ಹೀಗೇ ನಡೆದು ಬಂದಿತ್ತು. ಹೊಸಬರು ಪಾಪ, ಹೆಸರು ಕೇಳಿಬಿಟ್ಟರು!

ತಾಯಿಯ ತಿಥಿಯಲ್ಲಿ ಮೂರು ಪಿಂಡ. ತಾಯಿಗೆ, ತಂದೆಯ ತಾಯಿಗೆ, ಅಜ್ಜನ ತಾಯಿಗೆ.

"ತಾಯಿ ಹೆಸರು?"

"ಸುಮಿತ್ರಾ." ಅವನ ದನಿ ನಡುಗಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಅಜ್ಜಿ ಹೆಸರು?"

"ಪದ್ಮಾವತಿ."

"ಮುತ್ತಜ್ಜಿ?"

ವತ್ಸ ಅಪ್ಪನ ಮುಖ ನೋಡಿದ. ನನ್ನ ಭಾವ ತಮ್ಮ ಅಣ್ಣನ ಮುಖ ನೋಡಿದರು. ಅಣ್ಣ ಹೊಗೆಗೆ ಕಣ್ಣುಜ್ಜಿಕೊಂಡರು. ಇಬ್ಬರೂ ಆ ಅಜ್ಜಿಯ ಕೈತುತ್ತು ತಿಂದು ಬೆಳೆದವರು.

"ನಾವು ಅಜ್ಜಿ ಅಂತಿದ್ವಿ" ಎಂದರು ಭಾವ.

"ಊರಿನವ್ರು ದೊಡ್ಡಮ್ಮ ಅಂತಿದ್ರು" ಎಂದರು ಅಣ್ಣ.

ಭಟ್ಟರು ಕೈಯಲ್ಲಿ ನೀರು ಹಿಡಿದು ಕಾದರು. ವತ್ಸನ ಕಿವಿ ಕೆಂಪಾಯಿತು. ಆಮೇಲೆ ಸ್ಪಷ್ಟವಾದ ದನಿಯಲ್ಲಿ ಅವನ ಬಾಯಿಂದ ಬಂತು: "ಅಮರೇಲಾ."

ಭಟ್ಟರ ಹುಬ್ಬು ಒಂದು ಕ್ಷಣ ಏರಿತು. ಅಮರ ಅಂತಿದೆಯಲ್ಲ, ಸರಿ ಎನಿಸಿರಬೇಕು. ಗೋತ್ರ ಸೇರಿಸಿ, ಅಮರೇಲಾ ನಾಮ್ನ್ಯೈ ಎಂದು ಹೇಳಿಸಿ, ಎಳ್ಳುನೀರು ಬಿಡಿಸಿದರು. ವಿಷ ಹಾಕುವ ವಂಶದ ರಾಣಿ ನಮ್ಮ ಅಕ್ಕನ ಪಕ್ಕದಲ್ಲಿ ಬಂದು ಕುಳಿತಳು. ಇಡೀ ಮನೆಯಲ್ಲಿ ಇದು ಗೊತ್ತಿದ್ದದ್ದು ಇಬ್ಬರಿಗೆ. ಅವನಿಗೆ ಮತ್ತು ನನಗೆ.

ಊಟ ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಅಂಗಳದ ಮೂಲೆಯಲ್ಲಿ ಅವನನ್ನು ಹಿಡಿದುಕೊಂಡೆ.

"ನಾಚಿಕೆ ಆಗಲ್ವೇನೋ? ನಿನ್ನಮ್ಮನ ತಿಥಿ ಅದು!"

"ಬೇಕಂತ ಮಾಡಿಲ್ಲ ಚಿಕ್ಕಮ್ಮ. ಅಜ್ಜನ ತಾಯಿ ಅಂದ ಕೂಡ್ಲೇ ಅದೇ ಬಂತು. ಬೇರೆ ಹೆಸ್ರು ಇದ್ರೆ ತಾನೇ ಬರೋದು?"

ಅಷ್ಟರಲ್ಲಿ ಭಾವ ಎಲೆಯಡಿಕೆ ತಟ್ಟೆ ಹಿಡಿದು ಬಂದರು. ಮುಖ ಅರಳಿತ್ತು. ಅಕ್ಕ ಹೋದ ಮೇಲೆ ಆ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

"ನಮ್ಮಜ್ಜಿ ಹೆಸ್ರು ಅಮರೇಲಾ ಅಂತ ನಂಗೇ ಗೊತ್ತಿರ್ಲಿಲ್ಲ ನೋಡು. ಹಿಂದಿನವ್ರು ಎಷ್ಟು ಚಂದ ಹೆಸ್ರು ಇಡ್ತಿದ್ರು! ಇವ್ನು ಎಲ್ಲೆಲ್ಲಿ ವಿಚಾರ್ಸಿದ್ನೋ ಏನೋ. ನಾನು ಇವ್ನಿಗೆ ಮನೆ ಬಗ್ಗೆ ಗಮನ ಇಲ್ಲ ಅಂದ್ಕೊಂಡಿದ್ದೆ" ಎಂದು ಮಗನ ಬೆನ್ನು ತಟ್ಟಿದರು. ಕಣ್ಣಲ್ಲಿ ನೀರು.

ಹೇಳಿ, ಆ ಮನುಷ್ಯನಿಗೆ ನಿಜ ಹೇಳುವ ಧೈರ್ಯ ನಿಮಗಿದೆಯೇ? ನನಗಿರಲಿಲ್ಲ. ವತ್ಸ ತನ್ನ ಕಾಲಿನ ಹೆಬ್ಬೆರಳು ನೋಡುತ್ತಾ ನಿಂತ.

ಸರಿ, ನಿಜವಾದ ಹೆಸರನ್ನಾದರೂ ಹುಡುಕೋಣ, ಆಮೇಲೆ ಹೇಗಾದರೂ ತಿದ್ದೋಣ ಎಂದು ಲ್ಯಾಂಡ್‌ಲೈನಿನಿಂದ ಉಡುಪಿಗೆ ಫೋನ್ ಮಾಡಿದೆ. ಹಳೆ ಭಟ್ಟರು ಖುಷಿಯಿಂದಲೇ ಮಾತಾಡಿದರು.

"ಆ ಅಮ್ಮನ ಹೆಸ್ರಾ? ನಂಗೂ ಗೊತ್ತಿಲ್ಲ ತಾಯಿ. ಆಗಿನ ಕಾಲದಲ್ಲಿ ಮದುವೆ ದಿನ ಹೆಸ್ರೂ ಬದಲಾಯ್ಸ್ತಿದ್ರು, ಆಮೇಲೆ ಕರೆಯೋರೂ ಇರ್ತಿರ್ಲಿಲ್ಲ. ನಾನು ಗಂಗಾ ಅಂತ ಹೇಳ್ಸ್ತಿದ್ದೆ. ಗೊತ್ತಿಲ್ದಿದ್ದವ್ರಿಗೆಲ್ಲ ಗಂಗಾನೇ. ಆ ಕಡೆ ಸುಮಾರು ಮನೆಲಿ ಗಂಗಾ ಇದಾಳೆ."

ಫೋನ್ ಇಟ್ಟೆ. ಇಡೀ ಬೆಳಿಗ್ಗೆ ವತ್ಸನ ಮೇಲೆ ಕಾರಿದ ಸಿಟ್ಟಿಗೆ ಈಗ ಹೋಗಲು ಜಾಗವೇ ಇರಲಿಲ್ಲ.

ಇದೇ ಭಾವನವರಿಗೆ ತೋಟದ ಗಡಿಯ ಹಲಸಿನ ಮರ ಯಾರು ನೆಟ್ಟಿದ್ದು ಎಂದು ಕೇಳಿ. ಮುತ್ತಜ್ಜನ ಅಪ್ಪನ ಹೆಸರು ಥಟ್ಟನೆ ಬರುತ್ತದೆ. ಯಾವ ದಾಯಾದಿ ಯಾವ ಕಾಲುವೆ ತಿರುಗಿಸಿದ, ಯಾವ ಪಂಚಾಯ್ತಿಗೆ ಯಾರ್ಯಾರು ಬಂದಿದ್ದರು, ಎಲ್ಲ ನೆನಪಿದೆ. ಗಂಡಸರ ಕಥೆ ಭಾಗ ಒಂದು, ಎರಡು, ಮೂರು ಅಂತ ಬಾಯಿಪಾಠ. ಆ ಪಂಚಾಯ್ತಿಗೆ ಬಂದವರಿಗೆಲ್ಲ ಕಾಫಿ ಕಾಸಿ ಕೊಟ್ಟವಳು ಯಾರು? ಅಜ್ಜಿ. ಅಷ್ಟೇ. ಇಂಥವರು ವತ್ಸನಿಗೆ ಹುಚ್ಚು ಎನ್ನುತ್ತಾರೆ. ನಾನೂ ಅಂದೆ. ಹುಚ್ಚೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಹುಚ್ಚರು ಒಂದು ಮುದುಕಿಯ ಕೈ ನೋಡಿ ಹೆಸರು ಹೇಳುತ್ತಾರೆ. ನಾವು ಕೈತುತ್ತು ತಿಂದವರು.

ಸಂಜೆ ವಾಪಸ್ ಹೊರಟೆವು. ಗೇಟಿನವರೆಗೂ ಬಂದ ಭಾವ ಯಾರೊಂದಿಗೋ ಹೇಳುತ್ತಿದ್ದರು, "ಅಮರೇಲಾ ಅಂತ ನಮ್ಮಜ್ಜಿ..."

ಸಂಸೆಯಲ್ಲಿ ರೇಂಜ್ ಇರಲಿಲ್ಲ. ಕಳಸ ಹತ್ತಿರವಾಗುತ್ತಿದ್ದ ಹಾಗೆ ವತ್ಸನ ಫೋನು ಒಂದೇ ಸಮ ಬಡಿದುಕೊಳ್ಳತೊಡಗಿತು. ಬೆಳಿಗ್ಗೆಯಿಂದ ಬಾಕಿ ಇದ್ದ ಮೆಸೇಜುಗಳೆಲ್ಲ ಒಟ್ಟಿಗೆ ಬಂದವು. ಕಾರು ನಿಲ್ಲಿಸಿ ನೋಡಿದ. ಮುಖ ಗಂಭೀರವಾಯಿತು.

"ಏನಾಯ್ತು? ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲ ಚಿಕ್ಕಮ್ಮ. ಗೇಮ್ ಮಾಡೋರು ವಂಶವೃಕ್ಷ ರಿಲೀಸ್ ಮಾಡಿದಾರೆ. ಅದ್ರಲ್ಲಿ ಅಮರೇಲಾನ ತಾಯಿ ಹೆಸ್ರೇ ಇಲ್ಲ. ಬರೀ 'ತಾಯಿ' ಅಂತ ಹಾಕಿದಾರೆ. ಫ್ಯಾನ್ಸ್ ಎಲ್ಲ ರೊಚ್ಚಿಗೆದ್ದಿದಾರೆ, ಇದು ಅವಮಾನ ಅಂತ. ಪಿಟಿಷನ್ ಶುರು ಮಾಡಿದಾರೆ, ಅಮರೇಲಾನ ತಾಯಿಗೆ ಹೆಸ್ರು ಕೊಡಿ ಅಂತ. ಎಲ್ರೂ ಸೈನ್ ಮಾಡ್ತಿದಾರೆ."

ಅವನ ಬೆರಳು ಪರದೆಯ ಮೇಲೆ ನಿಂತಿತ್ತು.

"ಯಾವ ಅಮರೇಲಾ ಮಾರಾಯ," ಎಂದೆ, "ಅವ್ರವ್ಳಾ, ನಮ್ಮವ್ಳಾ?"