ನಡುಗದ ಶ್ರುತಿ

ಮೊಮ್ಮಗಳು ಫೋನಿನಲ್ಲಿ ತಂಬೂರಿಯ ಆ್ಯಪು ಹಾಕಿಕೊಂಡು ಹಾಡಲು ಕೂತಿದ್ದಾಳೆ. ನಾದ ಎಣ್ಣೆ ಸುರಿದಂತೆ ಒಂದೇ ಸಮ. ಅಂಥ ಶ್ರುತಿ ಕೇಳಿದರೆ ನನಗೆ ಈಗಲೂ ಎದ್ದು ಹೋಗಿಬಿಡೋಣ ಎನಿಸುತ್ತದೆ. ಸಂಗೀತ ಕಲಿತವಳು ಆಡುವ ಮಾತೇ ಇದು ಎಂದು ನೀವು ನಗಬಹುದು. ಮೊದಲು ನಮ್ಮಣ್ಣನ ವಿಷಯ ಕೇಳಿ.

ಎಂಬತ್ತರ ದಶಕ. ಗಿಲ್‌ರಾಯ್‌ನಿಂದ ಬರುವಾಗ ಫ್ರೀವೇಯಲ್ಲಿ ಕಾರು ಉರುಳಿ ಅತ್ತಿಗೆ ಹೋಗಿಬಿಟ್ಟರು. ಓಡಿಸುತ್ತಿದ್ದವನು ಅಣ್ಣ. ಅವನಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಆ ಸಂಕಟಕ್ಕೇ ಕುಡಿಯಲು ಹತ್ತಿದ. ನಾವಿದ್ದ ಸರಟೋಗಾ ಊರಿನ ಕನ್ನಡದವರ ನಡುವೆ ಮಾತ್ರ, ನಾವು ಹೇಳಿಕೊಂಡಂತೆ, ಅವನಿಗಿದ್ದದ್ದು 'ಷುಗರು'.

ಡಾಕ್ಟರು ಅವನನ್ನು ಒಂದು ಚರ್ಚಿನ ಹಾಲಿಗೆ ಕಳಿಸಿದರು. ಅಲ್ಲಿ ಲಿಂಡಾ ಎಂಬ ಥೆರಪಿಸ್ಟು, ಯುದ್ಧದಿಂದ ಮರಳಿದವರನ್ನೂ ಕುಡಿತ ಬಿಡಲು ಹೆಣಗುವವರನ್ನೂ ದುಂಡಗೆ ಕೂರಿಸಿ, ಕಣ್ಣು ಮುಚ್ಚಿ ಉಸಿರನ್ನು ಗಮನಿಸಲು ಹೇಳುತ್ತಿದ್ದಳು. ಅಣ್ಣನನ್ನು ಕರೆದೊಯ್ಯುತ್ತಿದ್ದ ನಾನು, ಬಾಯಿ ಸುಮ್ಮನಿರದೆ, ಮನೆಯ ಶ್ರುತಿಪೆಟ್ಟಿಗೆಯ ಸುದ್ದಿ ಎತ್ತಿದೆ. ಅಲ್ಲಿಂದ ಪ್ರತಿ ಶನಿವಾರ ಪೆಟ್ಟಿಗೆ ಕೈಯಿಂದ ಕೈಗೆ. ಒಬ್ಬರು ತಿದಿ ಒತ್ತುವುದು, ಉಳಿದವರು ಆ ನಾದದ ಜೊತೆ ಉಸಿರಾಡುವುದು. ಹೆಚ್ಚಿನವರ ಕೈ ನಡುಗುತ್ತಿತ್ತು, ನಾದ ತೇಕುತ್ತಿತ್ತು. ಅಣ್ಣನದು ಎಲ್ಲರಿಗಿಂತ ಕಡೆ. ನನ್ನ ಮೈಸೂರಿನ ಕಿವಿಗೆ ಅದೊಂದು ಶಿಕ್ಷೆ.

ಒಂದು ಶನಿವಾರ ಅಣ್ಣ ಒತ್ತಿದಾಗ ನಾದ ಅಲುಗಲಿಲ್ಲ. ಕಣ್ಣು ಮುಚ್ಚಿರಬೇಕಾದ ನಾನು ಕಣ್ಣರಳಿಸಿ ಕೂತೆ. ಗೆದ್ದೆವು ಎಂದುಕೊಂಡೆ, ಕಚೇರಿಯಲ್ಲಿ ಕೂತವಳಂತೆ ತಲೆಯನ್ನೂ ದೂಗಿದೆ. ಬೇರೆ ಯಾರ ಮುಖವೂ ಅರಳಲಿಲ್ಲ. ಪಕ್ಕದ ಮಾಜಿ ಸೈನಿಕ ಅಣ್ಣನ ಭುಜದ ಮೇಲೆ ಸುಮ್ಮನೆ ಕೈಯಿಟ್ಟ.

ಕಾರಿನಲ್ಲಿ ನಾನು ಹೊಗಳುತ್ತಲೇ ಇದ್ದೆ. ಅಣ್ಣ ಕಿಟಕಿಯಾಚೆ ನೋಡುತ್ತಾ ಹೇಳಿದ:

"ಬೆಳಿಗ್ಗೆ ಕುಡ್ಕೊಂಡು ಬಂದಿದ್ದೆ ಕಣೇ ಪುಟ್ಟಿ. ಕುಡಿದ್ರೇನೇ ಈ ಕೈ ನಿಲ್ಲೋದು. ಅವ್ರಿಗೆಲ್ಲ ಗೊತ್ತಾಯ್ತು."

ಸ್ವಲ್ಪ ದೂರ ಹೋದ ಮೇಲೆ ಅವನೇ ಕೇಳಿದ:

"ಮುಂದಿನ್ವಾರ ನಡುಗುತ್ತೆ. ಪರವಾಗಿಲ್ವಾ?"

ಪರವಾಗಿಲ್ಲ ಅಂದೆ. ನಡುಗಿತು. ಅಷ್ಟು ಕೆಟ್ಟ ಶ್ರುತಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಷ್ಟು ಸಂತೋಷವನ್ನೂ ಪಟ್ಟಿರಲಿಲ್ಲ. ಒಂದೆರಡು ವಾರ ಹಾಗೇ ನಡೆಯಿತು. ಆಮೇಲೊಂದು ಶನಿವಾರ ನಾದ ಮತ್ತೆ ನೆಟ್ಟಗೆ ಬಂತು. ಅಣ್ಣ ನನ್ನ ಕಡೆ ನೋಡಲಿಲ್ಲ. ಮರುವರ್ಷ ತೀರಿಕೊಂಡ. ಬಂದವರಿಗೆಲ್ಲ ಷುಗರು ಎಂದೇ ಹೇಳಿದೆವು.

ಆ್ಯಪು ನಿಲ್ಲಿಸಲು ಹೇಳಿ, ಕಪಾಟಿನಿಂದ ಹಳೆಯ ಪೆಟ್ಟಿಗೆ ಇಳಿಸಿಕೊಂಡೆ. ವಯಸ್ಸಾದ ಕೈ, ಒತ್ತಿದರೆ ನಾದ ತೇಕುತ್ತದೆ.

"ಅಜ್ಜಿ, ಯುವರ್ ಹ್ಯಾಂಡ್ ಈಸ್ ಶೇಕಿಂಗ್," ಎಂದು ಮೊಮ್ಮಗಳು ಪೆಟ್ಟಿಗೆಗೆ ಕೈ ಚಾಚಿದಳು.

ನಾನು ಕೊಡಲಿಲ್ಲ. "ನಡುಗ್ಲಿ ಬಿಡು. ನೀನು ಹಾಡು," ಅಂದೆ.

ಅವಳು ಆ ನಡುಕಕ್ಕೇ ದನಿ ಸೇರಿಸಿದಳು.