ಮಗ್ಗದ ಸದ್ದಿನೊಳಗಿನ ಆಕಾಶನೌಕೆ

ಇಚಲಕರಂಜಿಯಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ ಇತ್ತು. ಕರೆಂಟ್ ಇದ್ದಾಗ ಟೀವಿಯೂ ನಡೆಯುತ್ತಿತ್ತು, ಮಗ್ಗಗಳೂ ನಡೆಯುತ್ತಿದ್ದವು. ಮಗ್ಗ ನಿಂತವೆಂದರೆ ಕರೆಂಟ್ ಹೋಗಿದೆ, ಟೀವಿಯೂ ಬಂದ್ ಆಗಿದೆ ಎಂದೇ ಅರ್ಥ. ಹಾಗಾಗಿ ಎಂಬತ್ತರ ದಶಕದಲ್ಲಿ ನಾನು ಒಂದು ವಾರವೂ ಬಿಡದೆ ನೋಡಿದ ಆಕಾಶನೌಕೆಯ ಹಿಂದಿ ಸೀರಿಯಲ್ಲಿನ ಒಂದು ಮಾತೂ ಮಗ್ಗದ ಸದ್ದಿನಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಕಥೆ ಹೇಳುತ್ತಿದ್ದವಳು ಅವ್ವ. ಅವಳು ಅದೇ ಶೆಡ್ಡಿನಲ್ಲಿ ಲಾಳಿಯೊಳಗಿಡುವ ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಆ ಗದ್ದಲದಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಅವ್ವ ನೌಕೆಯ ಕ್ಯಾಪ್ಟನ್‌ನ ತುಟಿಯನ್ನೂ ಹಾಗೇ ನೋಡಿ, ನನ್ನ ಕಿವಿಗೆ ಬಾಯಿ ಹಚ್ಚಿ ಹೇಳುತ್ತಿದ್ದಳು: “ಮುಂಜಾನಿಂದ ಹೊಟ್ಟಿಗೆ ಏನೂ ಇಲ್ಲ ಅನ್ನಾಕತ್ತಾನ. ಆ ಹುಡುಗಿ ರೊಟ್ಟಿ ತರ್ತೇನಿ ಅಂದ್ಲು.” ಅವಳಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಅದು ನನಗೆ ಆಗ ಹೊಳೆಯಲೂ ಇಲ್ಲ.

ಮೊನ್ನೆ ಫೋನಿನಲ್ಲಿ ಅದೇ ಸೀರಿಯಲ್ ಸಿಕ್ಕಿತು. ಮೊದಲ ಸಲ ಮಾತು ಕೇಳಿಸಿತು. ಕ್ಯಾಪ್ಟನ್ ಬರೀ ಯುದ್ಧದ ಹುಕುಂ ಕೊಡುತ್ತಾನೆ. ನೌಕೆ ರಟ್ಟಿನದು, ಮಾತು ಅದಕ್ಕಿಂತ ರಟ್ಟಿನದು. ಇಷ್ಟು ವರ್ಷದ ಮೇಲೆ ಅವನ ಮೇಲೆ ಸಿಟ್ಟು ಬಂತು.

ಅವ್ವ ಪಕ್ಕದಲ್ಲೇ ಕೂತಿದ್ದಳು. ಅವಳ ಕಿವಿಯನ್ನು ಮಗ್ಗದ ಸದ್ದು ಎಂದೋ ತಿಂದುಹಾಕಿದೆ. ಫೋನನ್ನು ಅವಳ ಮುಂದೆ ಹಿಡಿದೆ. ಕಣ್ಣು ಕಿರಿದು ಮಾಡಿ ಕ್ಯಾಪ್ಟನ್‌ನ ತುಟಿಯನ್ನೇ ನೋಡಿದಳು.

“ಪಾಪ, ಇಂವ ಇನ್ನೂ ಉಂಡಿಲ್ಲ ನೋಡು,” ಅಂದಳು.